ಪಕ್ಕದ ಮನೆಯ ಗೋಡೆ

ಆಕಾಶಕ್ಕೆ ಎಳೆದ ಬಣ್ಣ ಕಾಗದದ ಅರ್ಧಕ್ಕೆ ಇಳಿಯುವ ಮೊದಲೇ ಮೇಲಿನ ಅಂಚಿನಲ್ಲಿ ಒಣಗಿಬಿಟ್ಟಿತು. ಹರಿಣಾಕ್ಷಿ ಕುಂಚವನ್ನು ನೀರಿಗದ್ದಿ ಒಣಗಿದ ಗೆರೆಯ ಮೇಲೆ ಇನ್ನೊಮ್ಮೆ ಎಳೆದಳು. ಗೆರೆ ಹೋಗಲಿಲ್ಲ. ಸೆಪ್ಟೆಂಬರ್ ಬಂದರೂ ಕುವೈತಿನ ರುಮೈಥಿಯಾದ ಬೆಳಗಿನ ಬಿಸಿ ಇಳಿದಿರಲಿಲ್ಲ. ಇರಲಿ ಎಂದು ಬಿಟ್ಟು ಪಕ್ಕದ ಮನೆಯ ಗೋಡೆಗೆ ಬಂದಳು. ತೆಳು ಹಳದಿ ಬಳಿದಳು. ಕಿಟಕಿಯ ಏಸಿಯ ಕೆಳಗೆ, ಹಸಿ ಆರುವ ಮೊದಲೇ, ಕಂದು ಬಣ್ಣದ ಒಂದು ಉದ್ದ ಕಲೆ ಇಳಿಸಿದಳು. ಅದು ಚೆನ್ನಾಗಿ ಬಂತು.

ಸಾಲ್ಮಿಯಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಅವಳು ಡ್ರಾಯಿಂಗ್ ಟೀಚರು. ಮದುವೆಯಾಗಿ ಕುವೈತಿಗೆ ಬಂದಾಗಿನಿಂದ ಅವಳದು ಒಂದೇ ಕ್ರಮ. ಬೆಳಗ್ಗೆ ಚಾ ಕುಡಿದು ಟೆರೇಸಿಗೆ ಹತ್ತುವುದು, ನೀರಿನ ಟಾಂಕಿಯ ಮಗ್ಗುಲಲ್ಲಿ ಸ್ಟೂಲು ಹಾಕಿ ಕೂರುವುದು, ಎದುರಿಗೆ ಕಂಡದ್ದನ್ನು ಕಾಗದಕ್ಕಿಳಿಸಿ ಕೆಳಗೆ ಹೋಗುವುದು. ಕಸದ ಡಬ್ಬ, ಟಿವಿ ಆಂಟೆನಾಗಳು, ಪಕ್ಕದ ಮನೆಯ ಅಂಗಳದ ಬೋರೆ ಮರ, ಅದರಾಚೆಗಿನ ಖಾಲಿ ಜಾಗ. ಶಾಲೆಯ ಪ್ರದರ್ಶನಕ್ಕೆ ಒಂಟೆಯೋ ಸೂರ್ಯಾಸ್ತವೋ ಬರೆದು ಕೊಡಿ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದಾಗ, ನಮ್ಮ ಬೀದಿಯಲ್ಲಿ ಒಂಟೆ ಇಲ್ಲ ಮೇಡಂ ಎಂದಿದ್ದಳು. ಇಲ್ಲದ್ದನ್ನು ಹಾಕುತ್ತಿರಲಿಲ್ಲ, ಇದ್ದದ್ದನ್ನು ಬಿಡುತ್ತಲೂ ಇರಲಿಲ್ಲ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಶಾಲೆ ತೆರೆಯಲಿಲ್ಲ. ಗಂಡ ಸೇಸಪ್ಪ ಸ್ಟೋರ್‌ಕೀಪರ್ ಆಗಿದ್ದ ಗೋದಾಮು ಲೂಟಿಯಾಯಿತು. ರಜೆಯಲ್ಲಿ ಮೂಲ್ಕಿಯ ಅಜ್ಜಿಮನೆಗೆ ಹೋಗಿದ್ದ ಮಗಳು ಅಕ್ಷಿತಾ ಅಲ್ಲೇ ಉಳಿದಳು. ಬೆಳಗಿನ ಚಿತ್ರ ಮಾತ್ರ ನಿಲ್ಲಲಿಲ್ಲ. ಈಗ ಅದರೊಳಗೆ ಚಕ್ರಗಳಿಲ್ಲದ ಒಂದು ಸುಟ್ಟ ಕಾರು ಸೇರಿಕೊಂಡಿತ್ತು.

"ಇನ್ನೂ ಮುಗೀಲಿಲ್ವಾ ನಿನ್ನದು?" ಸೇಸಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. "ಬೀದಿಯಲ್ಲಿ ಅವರು ತಿರುಗ್ತಾ ಇದ್ದಾರೆ. ಮೇಲೆ ಕೂತು ಮ್ಯಾಪ್ ಬರೀತಾಳೆ ಅಂತ ಎಣಿಸಿದರೆ ನಮ್ಮ ಕತೆ ಖಲಾಸ್."

"ಕಸದ ಡಬ್ಬದ ಮ್ಯಾಪ್ ಯಾರಿಗೆ ಬೇಕು ಮಾರಾಯ್ರೆ?"

"ತಮಾಷೆ ಸಾಕು. ಬಸ್ಸಿನ ಲಿಸ್ಟ್ ಮಾಡುವ ಸೈಮನ್ ಸಿಕ್ಕಿದ್ದ. ಗುರುವಾರದ ಬಸ್ಸಿನಲ್ಲಿ ನಮಗೆ ಸೀಟು ಉಂಟಂತೆ. ಬಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನ್. ಅಲ್ಲಿಂದ ನಮ್ಮ ವಿಮಾನ." ಅವನು ಟಾಂಕಿಗೆ ಒರಗಿ ಬೆವರು ಒರೆಸಿಕೊಂಡ. "ಒಬ್ಬರಿಗೆ ಒಂದೇ ಪೆಟ್ಟಿಗೆ. ದಾರಿಯುದ್ದಕ್ಕೂ ಬಿಚ್ಚಿ ನೋಡ್ತಾರೆ. ಈ ಚಿತ್ರ ಗಿತ್ರ ಎಲ್ಲ ಇಲ್ಲೇ."

"ಆಯ್ತು," ಎಂದಳು. ಮಗಳ ಮುಖ ಕಣ್ಣ ಮುಂದೆ ಬಂದಿತ್ತು.

ಕೆಳಗಿನ ದಿನಸಿ ಅಂಗಡಿಯ ಮೊಯ್ದೀನ್ ಕುಂಞಿ ಉಪ್ಪಿನಂಗಡಿ ಕಡೆಯವನು. ಚಿತ್ರ ಮುಗಿಸಿದ ಮೇಲೆ ಹರಿಣಾಕ್ಷಿ ಅವನಿಗೊಮ್ಮೆ ತೋರಿಸಿ ಬರುವುದಿತ್ತು. ಅವನು ಕೈ ಒರೆಸಿಕೊಂಡು ಕಾಗದ ಹಿಡಿದು, "ನಮ್ಮ ಅಂಗಡಿ ಯಾವಾಗ ಬರುವುದು ಟೀಚರೇ?" ಎಂದು ಕೇಳುವುದು, "ಟೆರೇಸಿನಿಂದ ನಿಮ್ಮ ಅಂಗಡಿ ಕಾಣುವುದಿಲ್ಲ ಕಾಕ" ಎಂದು ಇವಳು ಹೇಳುವುದು, ಇದೂ ಕ್ರಮದ ಭಾಗವೇ ಆಗಿತ್ತು. ಅವತ್ತು ಅವನು ಅಂಗಡಿಯ ವಿಷಯ ಎತ್ತಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಇದು ಎಂತ ಟೀಚರೇ, ಗೋಡೆಯಲ್ಲಿ?"

"ನೀರು. ಏಸಿಯಿಂದ ಇಳಿಯುವುದಲ್ವಾ? ದಿನಾ ಇರ್ತದೆ."

ಮೊಯ್ದೀನ್ ಕುಂಞಿ ಹೊರಗೆ ಇಣುಕಿ ನೋಡಿ, ಅಂಗಡಿಯ ಬಾಗಿಲನ್ನು ಅರ್ಧ ಎಳೆದ.

"ಆ ಮನೆಗೆ ಬೀಗ ಅಲ್ವಾ?"

ಆಗ ಹರಿಣಾಕ್ಷಿಗೆ ತಿಳಿಯಿತು. ಪಕ್ಕದ ಮನೆಯ ಗೇಟಿಗೆ ಸೈನ್ಯ ಬಂದ ವಾರದಿಂದಲೇ ಹೊರಗಿನಿಂದ ಸರಪಣಿ ಬಿದ್ದಿತ್ತು. ಮನೆಯೊಡತಿ ಉಮ್ಮ್ ಬದರ್ ಮಗ ಸೊಸೆಯನ್ನು ಕರೆದುಕೊಂಡು ಸೌದಿಗೆ ಹೋದಳೆಂದು ಬೀದಿಯವರೆಲ್ಲ ಹೇಳುತ್ತಿದ್ದರು. ಇವಳೂ ಹಾಗೇ ನಂಬಿದ್ದಳು. ನಂಬಿಕೊಂಡೇ ದಿನವೂ ಆ ಒದ್ದೆಯನ್ನು ನೋಡಿದ್ದಳು, ಅದಕ್ಕೆ ಸರಿಯಾದ ಕಂದು ಯಾವುದೆಂದು ಹುಡುಕಿದ್ದಳು. ಬೀಗ ಹಾಕಿದ ಮನೆಯಲ್ಲಿ ಏಸಿ ಯಾಕೆ ಓಡುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಮಗ ಬದರ್ ಪೊಲೀಸ್ ಆಫೀಸರ್," ಮೊಯ್ದೀನ್ ಕುಂಞಿ ದನಿ ತಗ್ಗಿಸಿದ. "ಪೊಲೀಸರನ್ನೇ ಇವರು ಹುಡುಕುವುದು. ಸೊಸೆ ಹೆತ್ತು ತಿಂಗಳಾಗ್ಲಿಲ್ಲ. ಹಿಂದಿನ ಗೋಡೆಯಲ್ಲಿ ನಾನೇ ರೊಟ್ಟಿ, ಹಾಲಿನ ಪೌಡರ್ ದಾಟಿಸುವುದು. ಬೀದಿಯಿಂದ ಆ ಏಸಿ ಕಾಣುವುದಿಲ್ಲ, ಕಾಂಪೌಂಡ್ ಎತ್ತರ ಉಂಟು. ನಿಮ್ಮ ಟೆರೇಸಿನಿಂದ ಕಾಣ್ತದೆ ಅಂತ ನನಗೆ ಹೊಳೀಲೇ ಇಲ್ಲ. ಸೇಸಪ್ಪಣ್ಣನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳ್ಬೇಡಿ." ಅಷ್ಟು ಹೇಳಿ ಅವನು ಫೋನಿನ ಕಡೆ ಹೋದ.

ಮನೆಗೆ ಬಂದು ಮಂಚದಡಿಯ ಚಿತ್ರಗಳನ್ನೆಲ್ಲ ಎಳೆದು ನೋಡಿದರೆ, ಆಗಸ್ಟಿನಿಂದ ಈಚಿನ ಪ್ರತಿಯೊಂದರಲ್ಲೂ ಆ ಕಲೆ ಇತ್ತು. ವಿಷಯ ಕೇಳಿ ಸೇಸಪ್ಪ ಬೆವತುಹೋದ.

"ಹರಿದು ಹಾಕು. ಈಗಲೇ. ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುವ."

ಹರಿಣಾಕ್ಷಿ ಒಂದನ್ನು ಎರಡೂ ಕೈಯಲ್ಲಿ ಹಿಡಿದಳು. ಹರಿಯಲು ಕೈ ಬರಲಿಲ್ಲ. "ಅದೊಂದು ತೆಗೆದರೆ ಸಾಕಲ್ವಾ? ಒದ್ದೆ ಸ್ಪಂಜಿನಲ್ಲಿ ಉಜ್ಜಿದರೆ ಏಳ್ತದೆ," ಎಂದಳು. ನೆಲದ ಮೇಲೆ ಕೂತು ಒಂದೊಂದೇ ಗೋಡೆಯನ್ನು ಉಜ್ಜತೊಡಗಿದಳು. ಕಲೆ ಏಳುತ್ತಿತ್ತು, ಜಾಗ ಮಸುಕಾಗಿ ಉಳಿಯುತ್ತಿತ್ತು. ಸೇಸಪ್ಪ ಬಾಗಿಲಿಗೂ ಕಿಟಕಿಗೂ ಓಡಾಡಿದ. "ನಿನಗೆ ತಲೆ ಸರಿ ಉಂಟಾ?" ಎಂದು ಎರಡು ಮೂರು ಸಲ ಕೇಳಿದ. ಅವನು ಹೇಳುವುದು ಸರಿಯೆಂದು ಅವಳಿಗೂ ಗೊತ್ತಿತ್ತು. ಆದರೂ ಉಜ್ಜಿದಳು. ಇನ್ನು ಕೆಲವೇ ಉಳಿದಿದ್ದಾಗ ಮೆಟ್ಟಿಲಲ್ಲಿ ಬೂಟುಗಳ ಸದ್ದಾಯಿತು.

ಬಂದವರು ಮೂವರು. ಇಬ್ಬರು ಎಳೆಯ ಸೈನಿಕರು ಕಪಾಟು ತೆರೆದರು, ಹಾಸಿಗೆ ಎತ್ತಿದರು. ನರೆಗೂದಲಿನ ಅಧಿಕಾರಿ ಬಾಗಿಲಲ್ಲೇ ನಿಂತು, "ಹಿಂದಿ?" ಎಂದು ಕೇಳಿದ. ಭಾರತದವರು ಎಂದು ಸೇಸಪ್ಪ ತಲೆಯಾಡಿಸಿದ. "ಭಾರತ ನಮ್ಮ ಸ್ನೇಹಿತ," ಎಂದ ಅಧಿಕಾರಿಯ ಕಣ್ಣು ನೆಲದ ಮೇಲೆ ಹೋಯಿತು. ಬಗ್ಗಿ ಒಂದು ಹಾಳೆ ಎತ್ತಿದ. ಇನ್ನೊಂದು ಎತ್ತಿದ. ಅರ್ಧ ಅರಬಿ, ಅರ್ಧ ಇಂಗ್ಲಿಷಿನಲ್ಲಿ ಕೇಳಿದ.

"ಯಾರು ಬರೆದದ್ದು?"

"ನಾನು. ಸ್ಕೂಲಿನಲ್ಲಿ ಚಿತ್ರ ಕಲಿಸುತ್ತೇನೆ."

"ಇದರಲ್ಲಿ ಗೋಡೆ ಒದ್ದೆ. ಇದರಲ್ಲಿ ಒದ್ದೆ ಇಲ್ಲ."

ಮಕ್ಕಳಿಗೆ ಪಾಠ ಹೇಳುವಾಗಿನ ದನಿಯೇ ಹೇಗೋ ಬಂತು. "ಅದು ನಾನು ಹಾಕಿದ್ದು. ಗೋಡೆ ಎಲ್ಲ ಒಂದೇ ಬಣ್ಣ ಆದರೆ ಚಿತ್ರ ಸಪ್ಪೆ ಕಾಣುತ್ತದೆ. ಚಂದಕ್ಕೆ ಹಾಕಿದೆ, ಬೇಡ ಅನಿಸಿತು, ತೆಗೆಯುತ್ತಿದ್ದೇನೆ."

ಚಿತ್ರದ ಬಗ್ಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅಧಿಕಾರಿ ಹಾಳೆ ಹಿಡಿದುಕೊಂಡೇ, "ಯಲ್ಲಾ, ನಡೆ, ತೋರಿಸು," ಎಂದು ಟೆರೇಸಿನ ಕಡೆ ನಡೆದ.

ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಅವನು ಹಾಳೆಯನ್ನು ಎದುರಿಗೆ ಚಾಚಿ, ಒಮ್ಮೆ ಅದನ್ನೂ ಒಮ್ಮೆ ಮನೆಯನ್ನೂ ನೋಡಿದ. ಹರಿಣಾಕ್ಷಿಗೆ ಕಣ್ಣೆತ್ತಲು ಧೈರ್ಯ ಬರಲಿಲ್ಲ. ಕೊನೆಗೆ ಎತ್ತಿದಳು. ಏಸಿ ನಿಂತಿತ್ತು. ಮೊಯ್ದೀನ್ ಕುಂಞಿಯ ಫೋನು ಆ ಮನೆಗೆ ಮುಟ್ಟಿತ್ತು. ಗೋಡೆ ಮೇಲಿನಿಂದ ಕೆಳಗಿನ ತನಕ ಒಣಗಿ ಬಿಳಿಚಿಕೊಂಡಿತ್ತು.

"ಈ ಸುಟ್ಟ ಕಾರು?" ಅವನು ಬೆರಳು ತೋರಿಸಿದ. "ಅದೂ ಚಂದಕ್ಕೆ ಹಾಕಿದ್ದಾ?"

"ಅಲ್ಲ. ಅದು ಇದೆ."

"ಇದೆ," ಎಂದು ಅವನು ನಕ್ಕ. ನಗು ಬೇಗ ಹೋಯಿತು. "ನಾಳೆಯೂ ಬರೆ. ನಾಡಿದ್ದೂ ಬರೆ. ನಾನು ಬಂದು ನೋಡುತ್ತೇನೆ." ಒದ್ದೆ ಗೋಡೆಯ ಆ ಚಿತ್ರವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಇಳಿದುಹೋದ.

ಅವರು ಹೋದ ಮೇಲೆ ಹರಿಣಾಕ್ಷಿ ಬಚ್ಚಲಿಗೆ ಹೋಗಿ, ಉಳಿದ ಚಿತ್ರಗಳನ್ನೆಲ್ಲ ಚೂರು ಚೂರು ಹರಿದಳು. ಸೇಸಪ್ಪ ಬಕೆಟ್ಟಿನಲ್ಲಿ ನೀರು ಹೊಯ್ದ.

ಮಾರನೆಯ ದಿನ ಅಧಿಕಾರಿ ಬಂದ. ಅದರ ಮಾರನೆಯ ದಿನವೂ ಬಂದ. ಅವಳ ಹಿಂದೆ ನಿಂತು ಸಿಗರೇಟು ಸೇದಿ, ಗೋಡೆ ನೋಡಿ, ಚಿತ್ರ ನೋಡಿ ಹೋಗುವನು. ಅವಳು ಒಣ ಗೋಡೆ ಬರೆದಳು. ಒಣ ಗೋಡೆಯಷ್ಟು ಕಷ್ಟದ್ದು ಅವಳು ಯಾವತ್ತೂ ಬರೆದಿರಲಿಲ್ಲ. ಆ ಹಳದಿಯ ಹಿಂದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಫ್ಯಾನಿನ ಬಿಸಿಗಾಳಿಯಲ್ಲಿ ಬಾಣಂತಿ ಮಲಗಿದ್ದಳು. ಕೂಸಿನ ಮೈಯೆಲ್ಲ ಬೆವರುಸಾಲೆ ಎದ್ದಿದೆಯೆಂದು ಮೊಯ್ದೀನ್ ಕುಂಞಿ ಹೇಳಿದ್ದ. ಅಳು ಕೇಳಿಸೀತೆಂದು ಅಜ್ಜಿ ಅದನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲವಂತೆ.

ಏಸಿಯ ಉಪಾಯ ಹರಿಣಾಕ್ಷಿಯದೇ. ಅಧಿಕಾರಿಯ ಜೀಪು ಬೀದಿ ದಾಟಿದ ಮೇಲೆ ಅವಳು ಟೆರೇಸಿನ ಹಗ್ಗಕ್ಕೆ ಒಂದು ಬೆಡ್‌ಶೀಟು ಹರವುವಳು. ಕಿಟಕಿಯ ಸಂದಿಯಿಂದ ಅದನ್ನು ಕಂಡು ಒಳಗಿನವರು ಏಸಿ ಹಾಕುವರು. ಬೀದಿಯಲ್ಲಿ ಜೀಪಿನ ಸದ್ದಾದರೆ ಬೆಡ್‌ಶೀಟು ಕೆಳಗೆ ಬರುವುದು. ಆ ಬಿಸಿಲಿನಲ್ಲಿ ಗೋಡೆ ಆರಲು ಹೆಚ್ಚು ಹೊತ್ತು ಬೇಡ.

ಬುಧವಾರ ಸೇಸಪ್ಪ ಪೆಟ್ಟಿಗೆ ಕಟ್ಟಿ ನಿಲ್ಲಿಸಿದ. ಹರಿಣಾಕ್ಷಿ ಅದರ ಮುಂದೆ ಬಂದು ನಿಂತಳು.

"ನಾನು ನಾಳೆ ಬರುವುದಿಲ್ಲ."

"ಎಂತ ಹೇಳ್ತಾ ಇದ್ದಿ?"

"ನಾನು ಹೋದರೆ ಟೆರೇಸ್ ಖಾಲಿ. ಇವಳು ಯಾಕೆ ಹೋದಳು ಅಂತ ಅವನು ಆ ಮನೆಯ ಬಾಗಿಲು ಒಡೀತಾನೆ. ಅವನ ಜೇಬಿನಲ್ಲಿ ನನ್ನ ಚಿತ್ರ ಉಂಟು."

"ಅಕ್ಷಿತಾ?" ಎಂದ ಸೇಸಪ್ಪ. "ಅವಳಿಗೆ ಎಂತ ಹೇಳುವುದು? ಅಮ್ಮ ಪಕ್ಕದ ಮನೆಯ ಗೋಡೆ ಬರೀತಾ ಕೂತಿದ್ದಾಳೆ ಅಂತಲಾ? ಅವತ್ತೇ ಹರಿದು ಹಾಕು ಅಂದೆ. ಕೇಳಿದ್ಯಾ?"

"ಕೇಳ್ಲಿಲ್ಲ. ಅದಕ್ಕೇ ಹೇಳುವುದು. ನೀವು ಹೋಗಿ, ನಾನು ಆಮೇಲೆ ಬರ್ತೇನೆ."

ಅವನು ಅಂಗಿ ಹಾಕಿಕೊಂಡು ಹೊರಗೆ ಹೋದ. ಚೆಕ್‌ಪೋಸ್ಟುಗಳನ್ನು ದಾಟಿಕೊಂಡು ಅಬು ಹಲೀಫಾದ ಸೈಮನ್ನನ ಮನೆಗೆ ಹೋಗಿ, ಸಂಜೆಗೆ ತಿರುಗಿ ಬಂದ. ಚಪ್ಪಲಿ ಬಿಡುತ್ತ, ಅವಳ ಮುಖ ನೋಡದೆ, "ನಮ್ಮ ಸೀಟು ನಿನ್ನ ಸ್ಕೂಲಿನ ಆಶಾಲತಾ ಟೀಚರ್ ಮನೆಯವರಿಗೆ ಕೊಡ್ಲಿಕ್ಕೆ ಹೇಳಿದೆ. ಮುಂದಿನದು ಯಾವಾಗ ಅಂತ ಅವನಿಗೂ ಗೊತ್ತಿಲ್ಲ," ಎಂದ. ಆಮೇಲೆ ಕಟ್ಟಿದ ಪೆಟ್ಟಿಗೆ ಬಿಚ್ಚಿ ತನ್ನ ಪಂಚೆ ಹೊರಗೆ ತೆಗೆದ.

ಮುಂದಿನ ವಾರ ಒಂದು ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಮೊಯ್ದೀನ್ ಕುಂಞಿ ತನ್ನ ಪಿಕಪ್ ಗಾಡಿಯನ್ನು ಹಿಂದಿನ ಗೋಡೆಗೆ ತಾಗಿಸಿ ನಿಲ್ಲಿಸಿದ. ಖಾಲಿ ತರಕಾರಿ ಪೆಟ್ಟಿಗೆಗಳ ನಡುವೆ ಬದರ್ ಮಲಗಿದ. ಹೆಂಗಸರಿಬ್ಬರು ಕೂಸಿನೊಂದಿಗೆ ಮುಂದೆ ಕೂತರು. ಹರಿಣಾಕ್ಷಿ ಟೆರೇಸಿನಲ್ಲಿ, ಸೇಸಪ್ಪ ಬೀದಿಯ ತಿರುವಿನಲ್ಲಿ ನಿಂತಿದ್ದರು. ಗಾಡಿ ಹತ್ತುವ ಮೊದಲು ಉಮ್ಮ್ ಬದರ್ ತಲೆಯೆತ್ತಿ ಒಮ್ಮೆ ನೋಡಿದಳು. ಕೈ ಬೀಸಲಿಲ್ಲ. ಇವಳೂ ಬೀಸಲಿಲ್ಲ.

ಕತ್ತಲಾಗುವ ಮೊದಲು ಮೊಯ್ದೀನ್ ಕುಂಞಿ ಖಾಲಿ ಗಾಡಿಯಲ್ಲಿ ಬಂದ. "ಜಹ್ರಾದಲ್ಲಿ ಉಮ್ಮ್ ಬದರ್ ತಂಗಿ ಮನೆ. ಮುಟ್ಟಿದರು," ಎಂದ. "ಚೆಕ್‌ಪೋಸ್ಟಿನಲ್ಲಿ ಕೂಸು ಅತ್ತದ್ದೇ ಒಳ್ಳೆಯದಾಯ್ತು ಟೀಚರೇ. ಹೋಗು, ಹೋಗು ಅಂದುಬಿಟ್ಟ ಸೈನಿಕ."

"ನೀವೂ ನಮ್ಮ ಒಟ್ಟಿಗೆ ಬನ್ನಿ ಕಾಕ," ಎಂದ ಸೇಸಪ್ಪ.

"ಅಂಗಡಿಯಲ್ಲಿ ಅಕ್ಕಿ ಉಂಟು. ಅದು ಮುಗೀಲಿ. ಆಮೇಲೆ ನೋಡುವ."

ಅಧಿಕಾರಿ ಅದಾದ ಮೇಲೆ ಒಂದೇ ಸಲ ಬಂದ. ಚಿತ್ರ ನೋಡಲಿಲ್ಲ. ಗೋಡೆಯನ್ನೇ ನೋಡುತ್ತ ಸಿಗರೇಟು ಮುಗಿಸಿ, ಹೋಗುವಾಗ, "ನಿನ್ನ ಊರಿಗೆ ಹೋಗು. ಮುಂದೆ ಇಲ್ಲಿ ಇನ್ನೂ ಕೆಟ್ಟದಾಗುತ್ತದೆ," ಎಂದ. ಅವನಿಗೆ ಎಷ್ಟು ಗೊತ್ತಿತ್ತು ಎಂಬುದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಮಡಿಸಿಟ್ಟ ಚಿತ್ರವನ್ನು ಅವನು ವಾಪಸು ಕೊಡಲೂ ಇಲ್ಲ.

ಅವರಿಗೆ ಸೀಟು ಸಿಕ್ಕಿದ್ದು ಸೆಪ್ಟೆಂಬರಿನ ಕೊನೆಗೆ. ಬಸ್ರಾದ ಹತ್ತಿರ ಪೆಟ್ಟಿಗೆ ಬಿಚ್ಚಿಸಿದ ಸೈನಿಕ ಬಣ್ಣದ ಡಬ್ಬಿಯನ್ನೂ ಕುಂಚಗಳನ್ನೂ ಎತ್ತಿಟ್ಟುಕೊಂಡ. ಯಾಕೆಂದು ಕೇಳುವ ಹಾಗಿರಲಿಲ್ಲ. ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯಲ್ಲಿ ಅವರನ್ನು ಟೆಂಟುಗಳ ಒಂದು ಊರಿನಲ್ಲಿ ಇಳಿಸಿದರು. ಸುತ್ತ ಕಲ್ಲು, ಧೂಳು. ವಿಮಾನಕ್ಕೆ ಹೆಸರು ಕೂಗುವ ತನಕ ಕಾಯಬೇಕಿತ್ತು. ಸೇಸಪ್ಪ ಕ್ಯಾನು ಹಿಡಿದು ನೀರಿನ ಸಾಲಿಗೆ ಹೋದ.

ಅವನು ತಿರುಗಿ ಬಂದಾಗ ಹರಿಣಾಕ್ಷಿ ಟೆಂಟಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಬಿಸ್ಕಿಟು ಹಂಚಿ ಉಳಿದಿದ್ದ ರಟ್ಟಿನ ಡಬ್ಬ ಸಿಕ್ಕಿತ್ತು. ಅದರ ಒಂದು ಮಗ್ಗುಲನ್ನು ಹರಿದು ಮಂಡಿಯ ಮೇಲಿಟ್ಟುಕೊಂಡು, ಯಾರದೋ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಳು. ಎದುರಿಗೆ ನೀರಿನ ಲಾರಿ, ಅದರ ಸೋರುವ ನಲ್ಲಿ, ಸಾಲು ನಿಂತ ಕ್ಯಾನುಗಳು. ಬಿಸಿಲು ರಟ್ಟಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅವಳು ಹುಬ್ಬು ಗಂಟಿಕ್ಕಿ ರಟ್ಟನ್ನು ಅತ್ತಿತ್ತ ಸರಿಸುತ್ತಿದ್ದಳು.

ಸೇಸಪ್ಪ ಕ್ಯಾನನ್ನು ಕೆಳಗಿಡಲು ಬಗ್ಗಿದವನು ಇಡಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ನೆರಳು ರಟ್ಟಿನ ಮೇಲೆ ಬೀಳುವ ಹಾಗೆ ನಿಂತ. ಅವಳು ತಲೆಯೆತ್ತಲಿಲ್ಲ. ಪೆನ್ನು ಓಡುತ್ತಿತ್ತು. ತುಂಬಿದ ಕ್ಯಾನನ್ನು ಅವನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.