ಹಡಗಿಗೆ ಮುಟ್ಟದ ಖಬರ

ಮಗ್ಗದ ಸದ್ದು, ಅಂದರೆ ಬೆಟಗೇರಿ ಬಂತು, ಗದಗ ಸ್ಟೇಶನ್ನಿನಿಂದ ಆಟೋ ಇಷ್ಟು ಬೇಗ ಬರಬಾರದಿತ್ತು — ಅಬ್ಬಾನ ಮುಖ ಹೇಗೆ ನೋಡಲಿ, ಅಮ್ಮಿಯನ್ನು ಮಣ್ಣು ಮಾಡಿ, ನಾನಿದ್ದ ಸಂಶೋಧನೆಯ ಹಡಗು ದಂಡೆ ಮುಟ್ಟುವವರೆಗೂ ನನಗೊಂದು ಮಾತು ತಿಳಿಸದವರ ಮುಖ, ಹಡಗಿನಲ್ಲಿ ಫೋನಿತ್ತಲ್ಲ, ಮಾಡಿದಾಗೆಲ್ಲ ಅಕ್ಕ ಅಮೀರಾ, ಅಮ್ಮಿ ಮಲಗ್ಯಾಳ ನಿಶಾತ, ಎಬ್ಬಿಸೂದು ಬ್ಯಾಡ ಅನ್ನುತ್ತಿದ್ದಳು, ನಾನು ನಂಬಿದೆ, ನಂಬಿ ಡೆಕ್ಕಿಗೆ ಹೋಗಿ ಅರಬ್ಬೀ ಸಮುದ್ರದ ತಳದಿಂದ ಕೆಸರು ತುಂಬಿಕೊಂಡು ಬಂದ ಕೊಳವೆ ಸೀಳುತ್ತಿದ್ದೆ, ಹಸಿರುಗಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ, ಸಾವಿರಾರು ವರ್ಷಗಳ ಹಿಂದೆ ಮೇಲಿನ ನೀರಿನಲ್ಲಿ ಬದುಕಿದ ಸೂಕ್ಷ್ಮಜೀವಿಗಳು ಸತ್ತು ಕೆಳಗಿಳಿದು ಉಳಿಸಿಹೋದ ಇಂಗಾಲ, ಅದನ್ನು ಅಳೆದರೆ ಆಗಿನ ಸಮುದ್ರ ಎಷ್ಟು ಜೀವ ಸಾಕುತ್ತಿತ್ತೆಂದು ಹೇಳಬಹುದು, ಪೂರ್ತಿ ಹೇಳಲಾಗದು, ತಳದಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಸತ್ತದ್ದು ಕೊಳೆಯದೆ ಉಳಿದುಬಿಡುತ್ತದೆ, ಹೆಚ್ಚು ಬದುಕಿದ್ದವೋ, ಬರೀ ಹೆಚ್ಚು ಉಳಿದವೋ — ಹೊರಡುವ ದಿನ ಅಮ್ಮಿ ರೊಟ್ಟಿ ಕಟ್ಟುತ್ತ ಕೇಳಿದ್ದಳು, ಸತ್ತದ್ದು ನೋಡಿ ಬದುಕಿದ್ದು ಹೆಂಗ ತಿಳೀತೈತಿ ಬೇಟಾ, ಬಂದು ಹೇಳ್ತೀನಿ ಅಮ್ಮಿ, ಈಗ ರೈಲಿಗೆ ಹೊತ್ತಾತು, ಬಂದು ಹೇಳ್ತೀನಿ, ಬಂದಿದ್ದೇನೆ.

ಬಾಗಿಲಲ್ಲಿ ಅಬ್ಬಾ, ಎಷ್ಟು ಸೊರಗಿದ್ದಾರೆ, ಗಡ್ಡ ಪೂರ್ತಿ ಬೆಳ್ಳಗಾಗಿದೆ, ಚಹಾ ಕುಡೀತಿಯೇನು ಅನ್ನುತ್ತಾರೆ, ಚಹಾ ಬ್ಯಾಡ, ಯಾಕ ಹೇಳಲಿಲ್ಲ ಅಬ್ಬಾ, ನಡುನೀರಾಗಿಂದ ಹಡಗು ಯಾರೂ ತಿರುಗಸತಿರಲಿಲ್ಲ, ನನಗ ಗೊತ್ತೈತಿ, ಅಳಾಕರ ಬಿಡಬೇಕಿತ್ತು ನನ್ನ, ದನಿ ನನಗೇ ಒರಟಾಗಿ ಕೇಳುತ್ತದೆ, ಒಳಗೆ ಅಮೀರಾ ಬಿಕ್ಕುತ್ತಿದ್ದಾಳೆ, ಅಬ್ಬಾ ನನ್ನ ಬ್ಯಾಗು ಇಳಿಸಿಕೊಂಡರು, ಕೆಳಗಿಡುವುದೇ ಮರೆತು ಹೇಳುತ್ತಾರೆ, ನಾವಲ್ಲ ಬೇಟಾ, ನಿಮ್ಮಮ್ಮೀನ ಬ್ಯಾಡಂದ್ಲು, ಅಮೀರಾ ನಿನಗ ಫೋನ್ ಹಚ್ಚಾಕ ಹೋದ್ಲು, ಉಸಿರು ಸಾಲತಿರಲಿಲ್ಲ ನಿಮ್ಮಮ್ಮಿಗೆ, ಆದ್ರೂ ಎದ್ದು ಫೋನಿನ ಮ್ಯಾಲ ಕೈ ಇಟ್ಲು, ಹುಡುಗಿ ನೀರಾಗ ಐತಿ, ಒಬ್ಬಾಕಿನ ಅಳತೈತಿ, ದಂಡಿಗೆ ಬರಲಿ, ನಿಮ್ಮ ಹತ್ರ ಕುಂತು ಅಳಲಿ ಅಂದ್ಲು. ಹೊಸ್ತಿಲ ಮೇಲೆಯೇ ಕೂತಿದ್ದೇನೆ, ಅಬ್ಬಾ ಪಕ್ಕದಲ್ಲಿ, ಇಬ್ಬರೂ ಅಳುತ್ತಿದ್ದೇವೆ, ಅಮೀರಾ ಬಂದು ಬೆನ್ನಿಗೆ ಮುಖವಿಟ್ಟಳು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳ ಒಂದೂ ನೆನಪಾಗುತ್ತಿಲ್ಲ, ಕಣ್ಣ ಮುಂದೆ ಬರುವುದು ಫೋನಿನ ಮೇಲೆ ಅಮ್ಮಿಯ ಕೈ, ಸಲೈನ್ ಚುಚ್ಚಿ ಊದಿದ ಕೈ, ಅಮೀರಾ ಫೋನು ಎಳೆಯುತ್ತಿದ್ದಾಳೆ, ಅಮ್ಮಿ ಬಿಡುವುದಿಲ್ಲ, ಆ ಕೈ, ಫೋನಿನ ಮೇಲೆ ಆ ಕೈ —