ನೆಟ್ಟಗಿನ ಹಿಡಿ

ವರ್ಜಿಲ್ ಸ್ಟಿಡಮ್‌ನ ಮುತ್ತಜ್ಜ ಅಮೆರಿಕದ ಕೆಂಟಕಿಯ ಗುಡ್ಡಗಳಲ್ಲಿ ಮೇಪಲ್ ಮರ ಕೆತ್ತಿ ಉದ್ದ ಕೋವಿಗಳನ್ನು ಮಾಡಿದವನು. ಅಜ್ಜ, ಗಣಿ ಮುಷ್ಕರದ ಕಾಲದಲ್ಲಿ ಕೂಲಿಗಳ ಕೆಟ್ಟ ಕೋವಿಗಳನ್ನು ಬಿಟ್ಟಿ ರಿಪೇರಿ ಮಾಡಿಕೊಟ್ಟು ಗಣಿ ಕಂಪನಿ ಕೊಟ್ಟಿದ್ದ ಮನೆಯಿಂದ ಹೊರದಬ್ಬಿಸಿಕೊಂಡವನು. ಅಪ್ಪ, ಬರಿಗಣ್ಣಲ್ಲೇ ನಳಿಗೆಯ ಡೊಂಕು ಹೇಳುತ್ತಿದ್ದವನು. ಇವರ ನೆರಳಿನಲ್ಲಿ ಬೆಳೆದ ವರ್ಜಿಲ್ ಬಲಗಾಲು ಎಳೆದು ನಡೆಯುತ್ತಿದ್ದ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಬೇಸಗೆಯಲ್ಲೂ ಎಣ್ಣೆ ಮೆತ್ತಿದ ಕೋಟು ಬಿಚ್ಚುತ್ತಿರಲಿಲ್ಲ. ತಾನು ಅಳೆದದ್ದನ್ನು ಇನ್ನೊಬ್ಬ ಅಳೆದರೆ ಅವನ ಮುಖ ಕೆಂಪಾಗುತ್ತಿತ್ತು.

ಹೆಂಡತಿ ಓಪಲ್‌ಳ ಮಣಿಕಟ್ಟು ಸಂಧಿವಾತಕ್ಕೆ ಸೋತಾಗ, ಅವಳಿಗೆಂದೇ ಕೋವಿಯ ಮಾದರಿಯ, ಗಿಡ್ಡ ನಳಿಗೆಯ ದೊಡ್ಡ ಪಿಸ್ತೂಲು ಜೋಡಿಸಿ, ಎಡಗೈಗೆ ಆಸರೆಯಾಗಲೆಂದು ಮುಂದುಗಡೆ ನೆಟ್ಟಗಿನ ಹಿಡಿ ಕೂರಿಸಿದ. ಒಟ್ಟು ಉದ್ದ ಇಪ್ಪತ್ತಾರು ಇಂಚು ದಾಟಿದರೆ ಅಂಥ ಹಿಡಿಗೆ ಅಡ್ಡಿಯಿಲ್ಲ. ಕಡಿಮೆಯಾದರೆ ಸರಕಾರದ ಅನುಮತಿ ಮೊದಲೇ ಬೇಕು. ನಳಿಗೆಯ ತುದಿಗೆ ಹಾಕಿದ ಕಬ್ಬಿಣದ ಟೋಪಿಯನ್ನೂ ಸೇರಿಸಿ ಟೇಪು ಹಿಡಿದ. ದಾಟಿತ್ತು.

ಭಾನುವಾರ ಚರ್ಚಿನ ಊಟದಲ್ಲಿ ಚಿಕ್ಕಪ್ಪನ ಮಗ ಡಾಯ್ಲ್ ಕೇಳಿದ: “ಅಲ್ಲಣ್ಣ, ನಳಿಗೆ ತುದಿಗಿರೋ ಆ ಕಬ್ಬಿಣದ ಟೋಪಿ ಬೆಸುಗೆನೋ, ತಿರುಪೋ?”

“ತಿರುಪು.”

“ಹಂಗಾದ್ರೆ ಅದು ಉದ್ದದ ಲೆಕ್ಕಕ್ಕಿಲ್ಲ ಕಣಣ್ಣ, ಬಿಚ್ಚೋಕೆ ಬರುತ್ತಲ್ಲ! ಟೋಪಿ ಹಾಕ್ಕೊಂಡು ಎತ್ತರ ಅಳೆಸ್ಕೊಂಡ ಹಾಗಾಯ್ತು ನಿಂದು.”

ಎಲ್ಲರೂ ನಕ್ಕರು. ವರ್ಜಿಲ್ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮನೆಗೆ ಬಂದವನೇ ಟೋಪಿ ಬಿಚ್ಚಿ ಅಳೆದ, ಕಡಿಮೆ ಬಿತ್ತು. ಹಿಡಿ ಕಿತ್ತ; ಭಯ ಕೀಳಲಾಗಲಿಲ್ಲ. ಕಿತ್ತರೆ ಸಾಕೆಂದ ಕೋವಿ ಅಂಗಡಿಯವ. ಹಿಡಿ, ಪಿಸ್ತೂಲು ಎರಡೂ ಒಂದೇ ಮನೆಯಲ್ಲಿದ್ದರೆ ಏನೂ ಹೇಳಲಾಗದೆಂದ ವಕೀಲ. ಹಿಡಿ ಓರೆಯಾಗಿದ್ದರೆ ತಪ್ಪೇ ಇಲ್ಲವಂತೆ. ಎಷ್ಟು ಓರೆ ಎಂದರೆ ಇಬ್ಬರೂ ಗಡ್ಡ ಕೆರೆದುಕೊಂಡರು. ಅಪರಾಧಿಯೆಂದು ತೀರ್ಪಾದರೆ ಜೈಲು. ಹೊರಬಂದ ಮೇಲೂ ಕೋವಿ ಮುಟ್ಟುವಂತಿಲ್ಲ, ಮನೆತನದ ಕಸುಬು ಅವನಲ್ಲೇ ಮುಗಿದಂತೆ. ಜಲ್ಲಿರಸ್ತೆಯಲ್ಲಿ ಚಕ್ರದ ಸದ್ದಾದರೆ ಪರದೆಯ ಸಂದಿಯಲ್ಲಿ ಇಣುಕುತ್ತಿದ್ದ. ಅಂಚೆಯವನನ್ನು ಕಂಡರೂ ಬಾಗಿಲಿಂದ ಹಿಂದೆ ಸರಿಯುತ್ತಿದ್ದ.

“ನಾನೇ ಜೋಡಿಸ್ದೆ ಅಂತೀನಿ ಬಿಡಿ,” ಎಂದಳು ಓಪಲ್.

“ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆಯೋಕಾಗಲ್ಲ ನಿಂಗೆ. ಸುಮ್ನಿರೇ.”

ಮರುದಿನ ಡಾಯ್ಲ್ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದ. “ನಕ್ಕಿದ್ದು ತಪ್ಪಾಯ್ತಣ್ಣ. ಪಿಸ್ತೂಲು, ಹಿಡಿ ಎರಡನ್ನೂ ಕೊಡು, ನನ್ನ ಹುಲ್ಲಿನ ಕೊಟ್ಟಿಗೇಲಿ ಹೂತಿಡ್ತೀನಿ.”

ವರ್ಜಿಲ್ ಬಲಗಾಲು ಎಳೆಯುತ್ತ ಗಾಡಿಯ ಬಳಿಗೆ ಬಂದ. ಕಳ್ಳನಿಗೆ ಕಾನೂನಿನ ಭಯ ಕಸುಬಿನ ಒಂದು ಭಾಗ. ಸಿಕ್ಕಿಬೀಳುವ ದಾರಿ, ನುಸುಳುವ ದಾರಿ ಎರಡೂ ಅವನಿಗೆ ಗೊತ್ತು. ಜೀವಮಾನವೆಲ್ಲ ಅಳತೆ ತಪ್ಪದೆ ಬಾಳಿದವರಿಗೆ ಆ ಭಯ ಹೊಸ ಬೂಟಿನಂತೆ. ಹೆಜ್ಜೆಹೆಜ್ಜೆಗೂ ಕಚ್ಚುತ್ತದೆ, ಬಿಚ್ಚಿ ಇನ್ನೊಬ್ಬರ ಕಾಲಿಗೆ ತೊಡಿಸಲು ಮನಸ್ಸು ಬಾರದು.

ವರ್ಜಿಲ್ ಗಂಟಲು ಸರಿಮಾಡಿಕೊಂಡ.

“ಬೇಡ ಡಾಯ್ಲ್. ನಿನ್ನ ಗಾಡಿ ಹತ್ತಿದ ಕ್ಷಣ ಇದು ನಿನ್ನ ತಪ್ಪೂ ಆಗುತ್ತೆ. ಹೆದರ್ಕೊಂಡಿರೋನು ಒಬ್ಬನೇ ಸಾಕು. ನಡಿ ಮನೆಗೆ.”