ಮಾಸೂರಿನ ದಿಲಾವರ

"ಸತ್ತವರ ಹೆಸರು ನಾ ಬರಿಯಂಗಿಲ್ಲ ನೋಡ್ರಿ," ಎಂದು ತುಳಸಾಬಾಯಿ ಪೆನ್ನನ್ನು ಚಾಪೆಯ ಮೇಲೆ ಇಟ್ಟುಬಿಟ್ಟಳು.

ಅವಳ ಮುಂದೆ ನಲವತ್ತು ಖಾಲಿ ಪೋಸ್ಟ್‌ಕಾರ್ಡುಗಳಿದ್ದವು. ಪಕ್ಕದಲ್ಲಿ ಸವಣೂರಿನ ಹಳೆಯ ಮತದಾರರ ಯಾದಿ. ಗಂಡ ರಾಘಣ್ಣ ಅದನ್ನು ಕಿರಾಣಿ ಅಂಗಡಿಯ ರದ್ದಿಯಿಂದ ಎತ್ತಿಕೊಂಡು ಬಂದಿದ್ದ. ಯಾದಿಯಲ್ಲಿ ಕೆಲವು ಹೆಸರುಗಳ ಮೇಲೆ ಕೆಂಪು ಗೀಟು ಎಳೆದು, ಮುಂದೆ 'ಮೃತ' ಎಂದೋ 'ಊರು ಬಿಟ್ಟಿದ್ದಾರೆ' ಎಂದೋ ಬರೆದಿತ್ತು. ರಾಘಣ್ಣನಿಗೆ ಬೇಕಾಗಿದ್ದದ್ದು ಆ ಗೀಟು ಬಿದ್ದ ಹೆಸರುಗಳೇ.

"ಸತ್ತವರು ಬಂದು ಜಗಳಾ ತಗೀತಾರೇನು? ಬದುಕಿದವರದ ತ್ರಾಸು ನಮಗ."

"ಮನ್ಯಾಗ ಸಣ್ಣ ಹುಡುಗೂರಿದ್ದಾರ. ಬ್ಯಾಡಂದ್ರ ಬ್ಯಾಡ್ರಿ."

ಊರು ಬಿಟ್ಟವರ ಹೆಸರುಗಳನ್ನಷ್ಟೇ ಬರೆಯುವುದೆಂದು ಕೊನೆಗೆ ರಾಜಿಯಾಯಿತು. ತುಳಸಾಬಾಯಿ ಎರಡು ಬಗೆಯ ಅಕ್ಷರಗಳಲ್ಲಿ ಬರೆಯಬಲ್ಲವಳು, ರಾಘಣ್ಣ ಮೂರು ಬಗೆಯಲ್ಲಿ. ಅವನ ತಂದೆ ಶಾಸ್ತ್ರಗ್ರಂಥಗಳಿಗೆ ಟಿಪ್ಪಣಿ ಬರೆದ ಪಂಡಿತರು. ಮಗ ಹಲ್ಲುಪುಡಿಗೆ ಬರೆಯುತ್ತಿದ್ದ.

ಆ ಹಲ್ಲುಪುಡಿಯ ಹೆಸರು ಮಾಣಿಕ. ರವಿವಾರ ಬೆಳಿಗ್ಗೆ ರೇಡಿಯೋದಲ್ಲಿ ಕಾಲು ತಾಸು 'ಮಾಣಿಕ ಮನೆಮಾತು' ಎಂಬ ಕಾರ್ಯಕ್ರಮವನ್ನು ಕಂಪನಿಯೇ ನಡೆಸುತ್ತಿತ್ತು. ಕೇಳುಗರ ಕಾರ್ಡು ಓದುವುದು, ಅವರು ಕೇಳಿದ ಹಾಡು ಹಾಕುವುದು, ನಡುವೆ ಹಲ್ಲುಪುಡಿಯ ಗುಣಗಾನ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆಗೆ ಶಿಗ್ಗಾಂವಿಯ ರಾಘಣ್ಣನೇ ಪ್ರತಿನಿಧಿ. ಆದರೆ ಹುಬ್ಬಳ್ಳಿಯ ಮ್ಯಾನೇಜರ ಸಾಹೇಬರಿಗೆ ಒಂದೇ ಚಿಂತೆ: ಇದನ್ನು ಕೇಳುವವರು ಯಾರು? ಗಾಳಿಯಲ್ಲಿ ಹೋದ ಮಾತು ಎಷ್ಟು ಕಿವಿಗೆ ಬಿತ್ತೆಂದು ಎಣಿಸುವುದು ಹೇಗೆ? ಅದಕ್ಕೆ ಅವರು ಕಾರ್ಡುಗಳನ್ನು ಎಣಿಸುತ್ತಿದ್ದರು. ನಾಲ್ಕು ತಾಲೂಕುಗಳಿಂದ ತಿಂಗಳಿಗೆ ಬಂದವು ಹನ್ನೊಂದು.

ಜನ ಕೇಳುತ್ತಿರಲಿಲ್ಲ ಎಂದಲ್ಲ. ಅಕ್ಕಿಆಲೂರಿನ ಗಿರಣಿಗಳಲ್ಲಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ ರೇಡಿಯೋ ಹಾಡುತ್ತಲೇ ಇತ್ತು. ಹೇಗಿದ್ದರೂ ಬರುವ ಹಾಡಿಗೆ ಕಾರ್ಡು ಯಾಕೆ ದಂಡ ಮಾಡಬೇಕೆಂದು ಯಾರೂ ಬರೆಯುತ್ತಿರಲಿಲ್ಲ. ರಾಘಣ್ಣ ಡಬ್ಬಿಯ ಮುಚ್ಚಳ ಕಳಿಸಿದವರಿಗೆ ಬಹುಮಾನ ಇಡಿಸಿದ. ಹಾನಗಲ್ಲಿನ ಒಬ್ಬ ಅಂಗಡಿಕಾರ ತನ್ನ ಅಂಗಡಿಯ ಡಬ್ಬಿಗಳ ಮುಚ್ಚಳಗಳನ್ನೆಲ್ಲ ತಾನೇ ಕಿತ್ತು ಕಳಿಸಿದ. "ರೇಡಿಯೋ ಸಾಕು, ಗ್ವಾಡಿ ಮ್ಯಾಲೆ ಬರಸೋಣ. ಗ್ವಾಡಿ ಕಣ್ಣಿಗೆ ಕಾಣತದ," ಎನ್ನತೊಡಗಿದರು ಸಾಹೇಬರು. ಗೋಡೆಗೆ ಬಣ್ಣ ಬಳಿಯುವವರು ಬಂದರೆ ರಾಘಣ್ಣ ಮನೆಗೆ. ನಲವತ್ತಾರರ ವಯಸ್ಸಿನಲ್ಲಿ, ಮೂರು ನೌಕರಿ ಕಳೆದುಕೊಂಡ ಮನುಷ್ಯನಿಗೆ ನಾಲ್ಕನೆಯದನ್ನು ಕಳೆದುಕೊಳ್ಳುವ ಎದೆ ಇರಲಿಲ್ಲ. ಹೀಗೆ ಗಂಡ ಹೆಂಡತಿ ಕೇಳುಗರಾದರು.

ಮೊದಲು ಬದುಕಿರುವವರ ಹೆಸರುಗಳನ್ನೇ ಬರೆದಿದ್ದರು. ಆಡೂರಿನ ಮಾಸ್ತರರೊಬ್ಬರು ತಮ್ಮ ಹೆಸರಿನಲ್ಲಿ ಪ್ರೇಮಗೀತೆ ಬಂದದ್ದನ್ನು ಕೇಳಿ, ಸೈಕಲ್ ತುಳಿದುಕೊಂಡು ಬಂದು ರಂಪ ಮಾಡಿದರು. ಅದಾದ ಮೇಲೆ ಈ ಯಾದಿ. ರಾಘಣ್ಣ ಇನ್ನೂ ಒಂದು ಎಚ್ಚರಿಕೆ ವಹಿಸಿದ: ಸವಣೂರಿನ ಹೆಸರುಗಳಿಗೆ ದೂರದ ಮಾಸೂರಿನ, ಅಕ್ಕಿಆಲೂರಿನ ವಿಳಾಸ ಹಾಕಿದ. ಆಯಾ ಊರಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಯ ಡಬ್ಬಿಯಲ್ಲೇ ಹಾಕಿ ಬಂದ. ಅಂಚೆಯ ಮುದ್ರೆಯೂ ಸರಿಯಾಗಿರಬೇಕಲ್ಲ.

ಆರನೆಯ ವಾರಕ್ಕೆ ಸಾಹೇಬರು ಸ್ವತಃ ಶಿಗ್ಗಾಂವಿಗೆ ಬಂದರು. ತೊಡೆಯ ಮೇಲೆ ಕಾರ್ಡುಗಳ ಕಟ್ಟು ಇತ್ತು.

"ರಾಘಣ್ಣ, ಇಷ್ಟು ಮಂದಿ ಬರದಾರ. ಇದರಾಗ ಒಬ್ಬರನ್ನರೆ ನನಗ ಭೆಟ್ಟಿ ಮಾಡಸ್ರಿ."

ಒಳಗಿನಿಂದ ಚಹಾ ತಂದ ತುಳಸಾಬಾಯಿ ಹೊಸ್ತಿಲಲ್ಲೇ ನಿಂತಳು. ಅದೇ ಹೊತ್ತಿಗೆ ಹೊರಗಿನಿಂದ ಹೆಂಗಸೊಬ್ಬಳು ಕೂಗಿದಳು. "ರಾಘಣ್ಣಾರ ಮನಿ ಇದೇನ್ರಿ?"

ಬಂದವಳು ಸವಣೂರಿನ ಮುನವ್ವರಾ. ವೀಳ್ಯದೆಲೆಯ ಪೆಂಡಿ ಕಟ್ಟುವ ಕೆಲಸದವಳು. ಮೂವತ್ತರ ಆಸುಪಾಸಿನ ವಯಸ್ಸು, ಬಿಸಿಲಿನಲ್ಲಿ ನಡೆದು ಬಂದ ಮುಖ. ಬಾಗಿಲ ಹತ್ತಿರವೇ ನಿಂತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಏಳು ವರ್ಷದ ಹಿಂದೆ ಅವಳ ಗಂಡ ದಿಲಾವರ ಎಲೆಯ ಲಾರಿ ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಮೊನ್ನೆ ರವಿವಾರ ರೇಡಿಯೋದಲ್ಲಿ ಅವನ ಹೆಸರು ಬಂತು, ಅವನ ಅಪ್ಪನ ಹೆಸರಿನ ಸಮೇತ, ಮಾಸೂರಿನಿಂದ. ಅವಳು ಮರುದಿನವೇ ಮಾಸೂರಿಗೆ ಹೋಗಿ ಕೆರೆಯ ಕೆಳಗಿನ ಗದ್ದೆಯ ಕೆಲಸಗಾರರನ್ನೆಲ್ಲ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯ ಅಂಚೆಯವನು ಮಾತ್ರ, ಮಾಣಿಕದ ಕಾರ್ಡುಗಳನ್ನು ಶಿಗ್ಗಾಂವಿಯ ರಾಘಣ್ಣ ತಂದು ಹಾಕುತ್ತಾನೆಂದು ಹೇಳಿದನಂತೆ.

"ಅವ್ರು ನಿಮ್ಮ ಕೈಯಾಗ ಕಾರ್ಡು ಕೊಟ್ಟಾರ ಅಂದ್ರ ನೀವು ಅವ್ರನ್ನ ನೋಡೀರಿ," ಎಂದಳು.

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಮನಿ ಮನಿಗೆ ಹೋಗಿ ಕಾರ್ಡು ಕೂಡಸ್ತೀರೇನ್ರಿ ನೀವು? ಒಂದ ಮಾತು ಹೇಳಲಿಲ್ಲಲ್ಲ!" ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಒದ್ದೆಯಾದ ಕಣ್ಣಿನಿಂದಲೇ ಲೆಕ್ಕ ಹಾಕುವುದು ಅವರಿಗೆ ಅಭ್ಯಾಸ. "ತಂಗಿ, ನೀ ಅಳಬ್ಯಾಡ. ಮುಂದಿನ ರವಿವಾರ ನಿನ್ನ ಮಾತು ರೇಡಿಯೋದಾಗ ಓದಸ್ತೀನಿ. ಎಲ್ಲಿದ್ರೂ ಕೇಳತಾನ ನಿನ್ನ ಗಂಡ."

ಅವಳನ್ನು ಓಣಿಯ ತುದಿಯವರೆಗೆ ಬಿಟ್ಟು ಬರಲು ರಾಘಣ್ಣ ಹೊರಟ. ನಿಜ ಹೇಳಲು ಅಷ್ಟು ದೂರ ಸಾಕಾಗಿತ್ತು. ಅವಳೇ ದಾರಿ ಮಾಡಿಕೊಟ್ಟಳು.

"ಖಾಜಿಸಾಹೇಬರು ಹಳೇ ನಿಕಾಹ ಮುರದು ಕೊಟ್ಟಾರ್ರಿ. ಶುಕ್ರವಾರ ಸಿರಾಜುದ್ದೀನನ ಜೋಡಿ ಐತ್ರಿ. ಟೇಲರ್ ಅದಾನ, ಛಲೋ ಮನಿಶ್ಯಾ. ಅಣ್ಣ ಹಯಾತ ಎಲ್ಲಾ ಗೊತ್ತು ಮಾಡ್ಯಾನ. ಈಗ ನಾ ಏನ್ ಮಾಡ್ಲಿ ಹೇಳ್ರಿ. ನೀವು ಕಣ್ಣಾರೆ ನೋಡಿದವ್ರು. ಬ್ಯಾಡ ಅನ್ಲೇನು?"

ಸಾಹೇಬರು ಇನ್ನೂ ಮನೆಯಲ್ಲಿದ್ದಾರೆ ಎಂಬುದು ರಾಘಣ್ಣನಿಗೆ ನೆನಪಿತ್ತು.

"ಸ್ವಲ್ಪ ದಿವಸ ತಡೀವಾ," ಎಂದ. "ಅವಸರ ಯಾಕ?"

ಅವಳು ತಲೆಯಾಡಿಸಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಶುಕ್ರವಾರ ನಿಕಾಹ ಆಗಲಿಲ್ಲ.

ರವಿವಾರ ರೇಡಿಯೋದ ಹೆಣ್ಣುದನಿ, "ದಿಲಾವರ ಅವರೇ, ಸವಣೂರಿನಲ್ಲಿ ನಿಮ್ಮ ಮುನವ್ವರಾ ದಾರಿ ಕಾಯುತ್ತಿದ್ದಾರೆ" ಎಂದಿತು. ಅದರ ಬೆನ್ನಿಗೇ ಹಲ್ಲುಪುಡಿಯ ಹಾಡು. ಆ ವಾರ ನಾಲ್ಕು ತಾಲೂಕುಗಳಿಂದ ನಿಜವಾದ ಕಾರ್ಡುಗಳು ಬಂದವು. ನೂರಾರು. ದಿಲಾವರ ಬಂದನೇ? ಆ ತಂಗಿ ಹೇಗಿದ್ದಾಳೆ? ಗಂಡಸರು ದಿಲಾವರನನ್ನು ಬೈದು ಬರೆದರು, ಹೆಂಗಸರು ಯಾರ ಕೈಯಿಂದಲೋ ಬರೆಸಿದರು. ಸಾಹೇಬರು ಗೋಡೆಯ ಮಾತು ಬಿಟ್ಟರು. ರಾಘಣ್ಣ ಇನ್ನು ನಲವತ್ತು ಕಾರ್ಡು ಬರೆಯಬೇಕಾಗಿರಲಿಲ್ಲ. ಒಂದು ಬರೆದರೆ ಸಾಕಿತ್ತು, ದಿಲಾವರನದು.

"ಅದಕ್ಕ ನಾ ಕೈ ಹಚ್ಚಂಗಿಲ್ಲ. ಇದಕ್ಕಿಂತ ಸತ್ತವರ ಹೆಸರು ಬರದಿದ್ರ ಪಾಡಿತ್ತು," ಎಂದಳು ತುಳಸಾಬಾಯಿ. ರಾಘಣ್ಣ ತಾನೇ ಬರೆದ. ಅಕ್ಕಿಆಲೂರಿನಿಂದ ದಿಲಾವರ: ಕೆಲಸದ ಮೇಲೆ ಊರೂರು ತಿರುಗುತ್ತಿದ್ದೇನೆ, ಮುನವ್ವರಾಳಿಗೆ ಚಿಂತೆ ಮಾಡಬೇಡವೆಂದು ಹೇಳಿರಿ. ಹಾನಗಲ್ಲಿನಿಂದ ದಿಲಾವರ: ಬರಿಗೈಯಲ್ಲಿ ಬರಲು ನಾಚಿಕೆಯಾಗುತ್ತದೆ. ಬರೆಯುತ್ತ ಬರೆಯುತ್ತ ಅವನಿಗೆ ಕೈ ಕುದುರಿತು. ನಾಚಿಕೆಯ ಸಾಲು ಓದಿದಾಗ ರೇಡಿಯೋದ ಹೆಣ್ಣುದನಿ ತಡವರಿಸಿದ್ದನ್ನು ಕೇಳಿ, ಪಾಪಿ, ಹೆಮ್ಮೆಪಟ್ಟ.

ಪ್ರತಿ ಕಾರ್ಡಿನ ಊರಿಗೂ ಮುನವ್ವರಾ ಹೋದಳು. ಅಕ್ಕಿಆಲೂರಿನ ಸಂತೆಯಲ್ಲಿ ಸಂಜೆಯವರೆಗೆ ನಿಂತು ಬಂದಳು. ಹಾನಗಲ್ಲಿನಲ್ಲಿ ಯಾರೋ ಗುರುತು ಹಿಡಿದು, "ರೇಡಿಯೋದಾಕಿ, ರೇಡಿಯೋದಾಕಿ" ಎಂದು ಬೆನ್ನು ಹತ್ತಿದರಂತೆ. ಸಿರಾಜುದ್ದೀನ ಎರಡು ತಿಂಗಳು ಕಾದು ಬಂಕಾಪುರದ ಬೇರೊಬ್ಬಳನ್ನು ಮಾಡಿಕೊಂಡ. ಮದುವೆ ಮುರಿದ ಅವಮಾನಕ್ಕೆ ಹಯಾತ ತಂಗಿಯನ್ನು ಮನೆಯಿಂದ ಹೊರಗೆ ಹಾಕಿದ. ಈಗ ಅವಳು ಎಲೆ ಕಟ್ಟುವ ತಗಡಿನ ಶೆಡ್ಡಿನಲ್ಲೇ ಮಲಗುತ್ತಾಳೆಂದು ಸುದ್ದಿ ಬಂತು. ರಾಘಣ್ಣ ಆ ರಾತ್ರಿ ಊಟ ಬಿಟ್ಟ. ಮರುದಿನ ನಾಲ್ಕನೆಯ ಕಾರ್ಡು ಬರೆದ.

ಇಷ್ಟು ಮಾಡಿದ್ದಕ್ಕೂ ಫಲ ಸಿಗಲಿಲ್ಲ. ವರ್ಷದ ಕೊನೆಗೆ ಕಂಪನಿಯವರು ಅಂಗಡಿ ಅಂಗಡಿ ತಿರುಗಿ ನೋಡಿದರೆ, ದಿಲಾವರನಿಗಾಗಿ ಕಣ್ಣೀರು ಹಾಕಿ ಕಾರ್ಡು ಬರೆದವರೆಲ್ಲ ಇದ್ದಿಲಿನಲ್ಲೇ ಹಲ್ಲು ತಿಕ್ಕುತ್ತಿದ್ದರು. ಕಾರ್ಯಕ್ರಮ ನಿಂತಿತು. ಸಾಹೇಬರು ಹಳೆಯ ಕಾರ್ಡುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ, ಎರಡು ಸಾಲಿನ ಪತ್ರದ ಜೊತೆ ರಾಘಣ್ಣನಿಗೆ ಕಳಿಸಿಕೊಟ್ಟರು. ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ 'ಮಾಣಿಕ' ಮೂಡಿತು.

ಎರಡು ರವಿವಾರ ರೇಡಿಯೋ ಸುಮ್ಮನಿದ್ದ ಮೇಲೆ ಮುನವ್ವರಾ ಬಂದಳು. ಬಹಳ ಬಡವಾಗಿದ್ದಳು. ಕಟ್ಟೆಯ ಅಂಚಿನಲ್ಲಿ ಕುಳಿತು, ಎಲೆಯ ಬುಟ್ಟಿಯನ್ನು ಮಡಿಲಿನಲ್ಲಿ ಇಟ್ಟುಕೊಂಡಳು.

"ಯಾಕ್ರಿ ಅವ್ರ ಸುದ್ದಿ ಇಲ್ಲಾ? ಆರಾಮ ಅದಾರೇನ್ರಿ?"

ಇನ್ನು ರಾಘಣ್ಣನಿಗೆ ಕಳೆದುಕೊಳ್ಳುವುದೇನೂ ಉಳಿದಿರಲಿಲ್ಲ. ನಿಜ ಹೇಳಲು ಅವನಿಗೆ ಧೈರ್ಯ ಬಂದದ್ದು ಹಾಗೆ.

"ನಿನ್ನ ಗಂಡ ಯಾವ ಕಾರ್ಡೂ ಬರೀಲಿಲ್ಲವಾ. ಎಲ್ಲಾ ನಾ ಬರದದ್ದು. ಯಾದಿಯೊಳಗ ಹೆಸರಿತ್ತು, ಬರದೆ. ಆಂವ ಎಲ್ಲಿದ್ದಾನ, ಇದ್ದಾನೋ ಇಲ್ಲೋ, ನನಗ ಗೊತ್ತಿಲ್ಲ."

ಅವಳ ಮುಖ ಬಿಗಿಯಿತು. "ನಮ್ಮಣ್ಣ ಹೇಳಿ ಕಳಸ್ಯಾನೇನ್ರಿ ಹಿಂಗನ್ನಾಕ?"

ರಾಘಣ್ಣ ಒಳಗೆ ಹೋಗಿ ಚೀಲವನ್ನು ತಂದು ಸುರಿದ. ದಿಲಾವರನ ನಾಲ್ಕು ಕಾರ್ಡುಗಳನ್ನು ಆರಿಸಿ ಅವಳ ಮುಂದೆ ಇಟ್ಟ. ಒಂದು ಖಾಲಿ ಕಾರ್ಡು ತೆಗೆದು ಅವಳ ಎದುರಿಗೇ ಅದೇ ಸಾಲುಗಳನ್ನು ಬರೆದ. ಅದೇ ಓರೆ ಅಕ್ಷರ, ಅದೇ ಉದ್ದನೆಯ ದೀರ್ಘ.

"ನೋಡು. ಒಂದ ಕೈ. ನೋಡವಾ, ಸರಿಯಾಗಿ ನೋಡು."

ಓದಲು ಬಾರದ ಮುನವ್ವರಾ ಐದೂ ಕಾರ್ಡುಗಳನ್ನು ಸಾಲಾಗಿ ಜೋಡಿಸಿಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳು ಎಳೆಯುತ್ತ ಬಹಳ ಹೊತ್ತು ನೋಡಿದಳು. ಬಾಗಿಲಲ್ಲಿ ನಿಂತಿದ್ದ ತುಳಸಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೌದ್ರಿ," ಎಂದಳು ಮುನವ್ವರಾ ಕೊನೆಗೆ. "ನೀವ ಬರದೀರಿ. ಖರೇನ ಐತಿ."

ರಾಘಣ್ಣ ಕಣ್ಣು ಮುಚ್ಚಿ ಉಸಿರುಬಿಟ್ಟ.

"ಅವ್ರಿಗೆ ಬರ್ಯಾಕ ಎಲ್ಲಿ ಬರ್ತಿತ್ರಿ? ನಂಗೂ ಅದ ಅನುಮಾನ ಇತ್ತು, ಯಾರ ಕಡಿಂದ ಬರಸ್ತಾರ ಅಂತ." ಅವಳ ದನಿ ಮೆತ್ತಗಾಯಿತು. "ನಿಮ್ಮ ಮುಂದ ಕುಂತು ಹೇಳಿ ಬರಸ್ಯಾರ. ನಾಲ್ಕ ಸಲ. ಹೆಂಗ ಕಾಣ್ತಾರ್ರಿ ಈಗ? ಕೂದಲಾ ಬೆಳ್ಳಗಾಗ್ಯಾವೇನು?"

ಅವಳು ಬುಟ್ಟಿಯನ್ನು ಮಡಿಲಿನಿಂದ ಇಳಿಸಿ ಬದಿಗೆ ಸರಿಸಿದಳು. ಕಟ್ಟೆಯ ಮೇಲೆ ಹಿಂದಕ್ಕೆ ಸರಿದು ಸರಿಯಾಗಿ ಕುಳಿತುಕೊಂಡು, ಅವನ ಬಾಯನ್ನೇ ನೋಡತೊಡಗಿದಳು.